ಕೇಶಿರಾಜ: ವೈಯಾಕರಣನೊಳಗಿನ ಕವಿ

ಕೇಶಿರಾಜನನ್ನು ನಾವು ವೈಯಾಕರಣನೆಂದು ಮಾತ್ರ ಓದುತ್ತ ಬಂದಿದ್ದೇವೆ. ಸುಮಾರು 1260ರಲ್ಲಿ ರಚಿತವಾದ ‘ಶಬ್ದಮಣಿದರ್ಪಣ’ಕ್ಕೆ ಸ್ನಾತಕೋತ್ತರ ತರಗತಿಗಳಲ್ಲಿ ದೊರೆಯುವ ಸ್ಥಾನ ವ್ಯಾಕರಣದ ಪತ್ರಿಕೆಯಲ್ಲಿ, ಕಾವ್ಯ ಬೋಧಿಸುವವರು ಅದನ್ನು ತೆರೆಯುವುದು ವಿರಳ. ಈ ವಿಂಗಡಣೆಯನ್ನು ಮರುಪರಿಶೀಲಿಸಬೇಕಾಗಿದೆ.

ತಂದೆ ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದ ಮಲ್ಲಿಕಾರ್ಜುನ, ತಾಯಿಯ ತಂದೆ ಕವಿ ಸುಮನೋಬಾಣ, ಸೋದರಮಾವ ‘ಯಶೋಧರಚರಿತೆ’ಯ (1209) ಜನ್ನ. ಇಂಥ ಮನೆತನದ ಕೇಶಿರಾಜ ಚೋಳಪಾಲಕಚರಿತ, ಸುಭದ್ರಾಹರಣ, ಪ್ರಬೋಧಚಂದ್ರ, ಕಿರಾತ ಮೊದಲಾದವು ತನ್ನ ಕೃತಿಗಳೆಂದು ಹೇಳಿಕೊಂಡಿದ್ದಾನೆ. ಅವುಗಳಲ್ಲಿ ಒಂದೂ ದೊರೆತಿಲ್ಲ. ಕೊರಿಯಾದ ಯಿ ಹ್ವಾಂಗ್ (1501-1570) ಮಹಾಪಂಡಿತನಾದರೂ ಅವನು ದೇಶಭಾಷೆಯಲ್ಲಿ ರಚಿಸಿದ ಹನ್ನೆರಡು ಹಾಡುಗಳು ಉಳಿದಿರುವುದರಿಂದ ಅಲ್ಲಿಯವರು ಅವನನ್ನು ಕವಿಯೆಂದೂ ಓದುತ್ತಾರೆ. ನಮ್ಮ ಕವಿಯನ್ನಾದರೋ ಶಾಸ್ತ್ರದೊಳಗೇ ಹುಡುಕಬೇಕು.

ಹುಡುಕಿದರೆ ಸಿಗುತ್ತಾನೆ. ಸೂತ್ರಗಳೆಲ್ಲ ಕಂದದಲ್ಲಿವೆ. ಸಂಧಿಯ ವಿಷಯದಲ್ಲಿ ಶ್ರುತಿಸಹ್ಯವೆಂಬ ಪ್ರಮಾಣವನ್ನು, ಅಂದರೆ ಕಿವಿಯ ಒಪ್ಪಿಗೆಯನ್ನು, ಅವನು ಮನ್ನಿಸುತ್ತಾನೆ. ಒತ್ತಕ್ಷರದ ಹಿಂದಿನ ಅಕ್ಷರವೂ ಲಘುವಾಗಿಯೇ ಉಳಿಯುವ ಶಿಥಿಲದ್ವಿತ್ವದ ಚರ್ಚೆ ಛಂದಸ್ಸಿನಲ್ಲಿ ಪಳಗಿದವನಿಂದ ಮಾತ್ರ ಸಾಧ್ಯ.

ಇನ್ನು ರಳದ ಮಾತು. ನಾನು ಬೆಳೆದ ಕಾಮಸಮುದ್ರ ಬಂಗಾರಪೇಟೆಯಿಂದ ಕುಪ್ಪಂ ಕಡೆಗೆ ಹೋಗುವ ರೈಲುಮಾರ್ಗದಲ್ಲಿದೆ. ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುವ ಊರು. ಕೋಲಾರ ಚಿನ್ನದ ಗಣಿಯ ನನ್ನ ತಮಿಳು ಗೆಳೆಯರು ಮಾತಿನಲ್ಲಿ ‘ಮಳೆ’ ಎನ್ನುತ್ತಿದ್ದರು, ಪದ್ಯ ಓದುವಾಗ ‘ಮೞೆ’ ಎನ್ನುತ್ತಿದ್ದರು. ತರಗತಿಯಲ್ಲಿ ಬರಿಯ ಲಿಪಿಚಿಹ್ನೆಯಾಗಿದ್ದ ೞಕಾರ ನನಗೆ ಕೇಳಿಸಿದ್ದು ಅವರ ಬಾಯಲ್ಲಿ. ಕೇಶಿರಾಜನ ಕಾಲಕ್ಕೆ ಕನ್ನಡದಲ್ಲಿಯೂ ಅದು ಳಕಾರದೊಡನೆ ಬೆರೆತುಹೋಗುತ್ತಿತ್ತು. ಅವನು ರಳವುಳ್ಳ ಶಬ್ದಗಳನ್ನು ಪಟ್ಟಿಮಾಡಿದ್ದನ್ನು ಸಂಪ್ರದಾಯಸ್ಥನ ಹಟವೆಂದು ತಳ್ಳಿಹಾಕುವುದು ಸುಲಭ. ಆದರೆ ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಬದುಕು. ಈ ಅಂತರ ಅಳಿದಾಗ ಮೊದಲು ನಷ್ಟವಾಗುವುದು ಕವಿಗೇ ಅಲ್ಲವೆ?

ತನಗೆ ಲಕ್ಷ್ಯವೆಂದು ಅವನು ಹೆಸರಿಸುವ ಕವಿಗಳಲ್ಲಿ ಪಂಪ, ಪೊನ್ನರೊಂದಿಗೆ ಗಜಗ, ಅಸಗರೂ ಇದ್ದಾರೆ. ಈ ಕಡೆಯ ಇಬ್ಬರ ಕನ್ನಡ ಕಾವ್ಯಗಳು ನಮ್ಮ ಕೈಗೆ ಬಂದಿಲ್ಲ. ಹೀಗಿರುವಾಗ ಅವನು ಉದಾಹರಿಸಿದ ಪದ್ಯಗಳನ್ನು ಸೂತ್ರದ ಬಾಲಂಗೋಚಿಯಾಗಿ ಓದಿ ಮುಂದೆ ಸಾಗುವುದು ಸರಿಯಲ್ಲ. ಆಕರ ತಿಳಿಯದ ಪದ್ಯಗಳನ್ನೆಲ್ಲ ಕೇಶಿರಾಜನವೇ ಎಂದು ಹೇಳಲಾಗದು. ಆ ಆತುರ ಬೇಡ. ಕಿಟ್ಟೆಲ್ಲರ 1872ರ ಮುದ್ರಣದಿಂದ ಇಂದಿನವರೆಗೆ ಪರಿಷ್ಕರಣಕಾರರು ಪಾಠವನ್ನು ಹಸನುಗೊಳಿಸಿಕೊಟ್ಟಿದ್ದಾರೆ. ಆ ಪದ್ಯಗಳನ್ನು ಬಿಡಿಸಿಟ್ಟು, ಮಗನ ‘ಸೂಕ್ತಿಸುಧಾರ್ಣವ’ವೆಂಬಂತೆ ಕಾವ್ಯದ ತರಗತಿಯಲ್ಲಿ ಓದಿಸಲು ಅಡ್ಡಿಯೇನಿದೆ?