ಒಂದು ಪದಕ್ಕೆ ಹೆದರಿದ ಒಪ್ಪಂದ

ಹವಾಮಾನ ಸರಣಿ, ಭಾಗ 4. ಸ್ವಲ್ಪ ಉದ್ದ ಇದೆ, ಸೇವ್ ಮಾಡಿಟ್ಕೊಂಡು ಓದಿ.

ಅಮೆರಿಕ ಪ್ಯಾರಿಸ್ ಒಪ್ಪಂದ ಬಿಟ್ಟಿದ್ದು ಟ್ರಂಪ್ ಅವರಿಂದ ಅಂತ ಎಲ್ಲರೂ ಹೇಳ್ತೀವಿ. ಸುಳ್ಳೇನಲ್ಲ. ಆದ್ರೆ ಆ ಬಾಗಿಲಿಗೆ ಚಿಲಕಾನೇ ಯಾಕೆ ಇರಲಿಲ್ಲ?

1997ರ ಜುಲೈಗೆ ಹೋಗೋಣ. ಕ್ಯೋಟೋ ಸಮ್ಮೇಳನ ಇನ್ನೂ ನಡೆದಿರಲಿಲ್ಲ. ಆಗಲೇ ಅಮೆರಿಕದ ಸೆನೆಟ್ ಒಂದು ನಿರ್ಣಯ ಪಾಸ್ ಮಾಡ್ತು: ಭಾರತ, ಚೀನಾದಂಥ ದೇಶಗಳಿಗೂ ಅದೇ ಅವಧಿಯಲ್ಲಿ ಮಿತಿ ಹಾಕದಿದ್ರೆ, ಇಲ್ಲವೇ ನಮ್ಮ ಆರ್ಥಿಕತೆಗೆ ದೊಡ್ಡ ಪೆಟ್ಟು ಬೀಳೋದಾದ್ರೆ, ಸಹಿ ಹಾಕಬಾರದು. ಪರ 95, ವಿರುದ್ಧ 0. ಇದನ್ನು ತಂದ ಇಬ್ಬರಲ್ಲಿ ರಾಬರ್ಟ್ ಬರ್ಡ್ ಒಬ್ಬರು. ಅಧ್ಯಕ್ಷ ಕ್ಲಿಂಟನ್ ಅವರ ಪಕ್ಷದವರೇ! ಆದ್ರೆ ಗೆದ್ದು ಬಂದಿದ್ದು ಕಲ್ಲಿದ್ದಲು ಗಣಿಗಳ ವೆಸ್ಟ್ ವರ್ಜೀನಿಯಾದಿಂದ.

ಕ್ಲಿಂಟನ್ ಸರ್ಕಾರ 1998ರಲ್ಲಿ ಕ್ಯೋಟೋಗೆ ಸಹಿ ಹಾಕ್ತು. ಸೆನೆಟ್ ಮುಂದೆ ಮಾತ್ರ ಇಡಲೇ ಇಲ್ಲ. ಅಲ್ಲಿ ಮೂರನೇ ಎರಡರಷ್ಟು ಮತ ಬೇಕು. 2001ರಲ್ಲಿ ಬುಷ್ ಬಂದು ಕೈ ತೊಳೆದುಕೊಂಡರು.

ಈ ಭಯ 2015ರಲ್ಲಿ ಪ್ಯಾರಿಸ್‌ವರೆಗೂ ಬಂತು. ಕೊನೇ ದಿನದ ಕರಡಿನಲ್ಲಿ ಶ್ರೀಮಂತ ದೇಶಗಳು ಹೊಗೆ ಇಳಿಸೋ ಗುರಿ ಇಟ್ಟುಕೊಳ್ಳಲೇಬೇಕು ಅನ್ನೋ ಅರ್ಥದ 'ಶಲ್' ಇತ್ತು. ಅಮೆರಿಕ ಒಪ್ಪಲಿಲ್ಲ. ಆ ಪದ ಉಳಿದ್ರೆ ಮತ್ತೆ ಸೆನೆಟ್ ಮೆಟ್ಟಿಲು ಹತ್ತಬೇಕಲ್ಲ! ಕೊನೆಗೆ ಅದು 'ಶುಡ್' ಆಯ್ತು. ಅಂದ್ರೆ, ಮಾಡಿದ್ರೆ ಒಳ್ಳೇದು.

ಹೀಗೆ ಸೆನೆಟ್ ತಪ್ಪಿಸಿ ಒಬಾಮ ತಮ್ಮ ಅಧಿಕಾರದಲ್ಲೇ ಸೇರಿದರು. ಒಂದು ಪೆನ್ನಿನಿಂದ ಒಳಗೆ ಹೋದದ್ದು ಇನ್ನೊಂದು ಪೆನ್ನಿನಿಂದ ಹೊರಗೆ ಬರುತ್ತೆ. 2017ರಲ್ಲಿ ಟ್ರಂಪ್ ಬಿಡ್ತೀವಿ ಅಂದರು, 2020ರಲ್ಲಿ ಬಿಟ್ಟಿದ್ದೂ ಆಯ್ತು. 2021ರಲ್ಲಿ ಬೈಡನ್ ಮತ್ತೆ ಸೇರಿಸಿದರು. 2025ರಲ್ಲಿ ಟ್ರಂಪ್ ಮೊದಲ ದಿನವೇ ಮತ್ತೆ ಹೊರಡೋ ಆದೇಶಕ್ಕೆ ಸಹಿ ಹಾಕಿದರು.

ಒಬಾಮ ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲ. 'ಶಲ್' ಅಂತ ಹಟ ಹಿಡಿದಿದ್ರೆ ಅಮೆರಿಕ ಸೇರ್ತಾನೇ ಇರಲಿಲ್ಲ. ಆದ್ರೆ ಪದ ಬದಲಾಯಿಸಿದ ಮಾತ್ರಕ್ಕೆ ವೆಸ್ಟ್ ವರ್ಜೀನಿಯಾ ಬದಲಾಗಲಿಲ್ಲ. ಗಣಿ ಮುಚ್ಚಿದ್ರೆ ನಮ್ಮ ಮನೆ ಹೇಗೆ ನಡೆಯುತ್ತೆ ಅನ್ನೋ ಕಾರ್ಮಿಕನ ಪ್ರಶ್ನೆಗೆ ಅವನು ನಂಬೋ ಉತ್ತರ ಸಿಗೋವರೆಗೂ ಅವನ ವೋಟು 'ಬೇಡ' ಅಂತಾನೇ ಬೀಳುತ್ತೆ. ಅವನನ್ನು ಬೈದು ಪ್ರಯೋಜನ ಇಲ್ಲ.

ಅದಕ್ಕೇ, ಇನ್ಮುಂದೆ ಯಾವುದೇ ದೇಶದ ನಾಯಕರು ವೇದಿಕೆ ಮೇಲೆ ಕೈ ಕುಲುಕೋ ಫೋಟೋ ಕಂಡ್ರೆ ಲೈಕ್ ಒತ್ತೋ ಮುಂಚೆ ಎರಡು ಪ್ರಶ್ನೆ ಕೇಳಿ. ಇದು ಅವರ ಸಂಸತ್ತಿನಲ್ಲಿ ಕಾನೂನಾಗಿದ್ಯಾ? ಇದರಿಂದ ಕೆಲಸ ಕಳ್ಕೊಳ್ಳೋರ ಜೊತೆ ಯಾರಾದ್ರೂ ಕೂತು ಮಾತಾಡಿದಾರಾ?

ನಿಮಗೇನನ್ಸುತ್ತೆ? ದುರ್ಬಲ ಒಪ್ಪಂದ ಇರೋದು ವಾಸಿನಾ, ಇಲ್ಲದಿರೋದೇ ವಾಸಿನಾ? ಕಾಮೆಂಟಲ್ಲಿ ಜಗಳ ಆಡೋಣ ಬನ್ನಿ.