ಅಳಿಯಸಂತಾನ: ಪದದ ಮರೆಯಲ್ಲಿ ಉಳಿದ ತಾಯಿ

‘ಅಳಿಯಸಂತಾನ’ ಎಂದೊಡನೆ ಘಟ್ಟದ ಮೇಲಿನ ಶಿವಮೊಗ್ಗ ಸೀಮೆಯ ಓದುಗರಿಗೆ ಮಗಳ ಗಂಡನೇ ನೆನಪಾಗುವುದು ಸಹಜ. ಆದರೆ ಮಾವನ ಆಸ್ತಿ ಮಗಳ ಗಂಡನಿಗೆ ಸಲ್ಲುವ ಪದ್ಧತಿ ಇದಲ್ಲ. ಇಲ್ಲಿ ಅಳಿಯನೆಂದರೆ ಸೋದರಳಿಯ, ಅಂದರೆ ಅಕ್ಕತಂಗಿಯರ ಮಗ.

ಸೋದರಿಯ ಮಗನಿಗೇ ಮಗಳನ್ನು ಕೊಡುವ ರೂಢಿಯಿದ್ದ ಸಮಾಜದಲ್ಲಿ ಎರಡು ಸಂಬಂಧಗಳಿಗೂ ಒಂದೇ ಪದ ಸಾಕಾಯಿತು. ‘ಮಾವ’ ಎಂಬುದೂ ಹಾಗೆಯೇ. ವಿಜಯನಗರದ ಅಳಿಯ ರಾಮರಾಯ ಕೃಷ್ಣದೇವರಾಯನ ಮಗಳ ಗಂಡ. ತುಳುನಾಡಿನ ಅಳಿಯಸಂತಾನದ ಅಳಿಯನೇ ಬೇರೆ. ಮಲಯಾಳದ ‘ಮರುಮಕ್ಕತ್ತಾಯಂ’ ಪದದಲ್ಲಿಯೂ ಇದೇ ಇಬ್ಬಗೆಯ ಅರ್ಥವಿದೆ. ಇನ್ನು ‘ಸಂತಾನ’ ಸಂಸ್ಕೃತದ ‘ತನ್’ ಧಾತುವಿನಿಂದ ಬಂದುದು. ಎಡೆಬಿಡದೆ ಹಬ್ಬುವ ಬಳ್ಳಿ ಎಂಬುದು ಅದರ ಭಾವ.

ಆ ಬಳ್ಳಿಯ ಬೇರು ಯಾರು? ಪದವು ಅಳಿಯನನ್ನು ಹೆಸರಿಸುತ್ತದೆ, ಅವನನ್ನು ಹೆತ್ತವಳನ್ನು ಹೆಸರಿಸುವುದಿಲ್ಲ. ಅಧಿಕಾರ ಹಿಡಿದ ಗಂಡಸಿನ ಕಡೆಯಿಂದ ನೋಡಿ ಇಟ್ಟ ಹೆಸರಿದು.

ಶಾಸನವಾದರೋ ತಾಯಿಯನ್ನು ಮರೆಯಲಿಲ್ಲ. ಹುಂಚದ ಸಾಂತರರ ಪರಂಪರೆ ಕಳಸದ ಮೂಲಕ ಕಾರ್ಕಳಕ್ಕೆ ಇಳಿಯಿತು. ಅಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿದ ಇಮ್ಮಡಿ ಭೈರರಸನನ್ನು 1586ರ ಶಾಸನವು ಹಿಂದಿನ ಭೈರರಸನ ಸೋದರಿ ಗುಮ್ಮಟಾಂಬೆಯ ಮಗನೆಂದು ಗುರುತಿಸುತ್ತದೆ. ಅವನ ಪಟ್ಟಕ್ಕೆ ಆಧಾರ ಆ ತಾಯಿಯೇ.

ಭೂತಾಳಪಾಂಡ್ಯನ ಐತಿಹ್ಯ ಬೇರೆಯದನ್ನೇ ಹೇಳುತ್ತದೆ. ಕುಂಡೋದರ ಭೂತ ಬಲಿ ಕೇಳಿದಾಗ ರಾಜನ ಮಡದಿ ಮಗನನ್ನು ಕೊಡಲೊಪ್ಪಲಿಲ್ಲ, ಸೋದರಿ ಒಪ್ಪಿದಳು. ಆದುದರಿಂದ ಅರಸನು ಅಳಿಯನಿಗೆ ಹಕ್ಕು ಕೊಟ್ಟನಂತೆ. ಒಂದು ರಾಜಾಜ್ಞೆಯಿಂದ ನಾಡಿನ ಕುಲಕ್ರಮವೇ ಮಗುಚುವುದು ನಂಬತಕ್ಕ ಮಾತಲ್ಲ. ಇದ್ದ ರೂಢಿಗೆ ಹಿಂದಿನಿಂದ ಹೆಣೆದ ಕಾರಣವಿದು. ಈ ಕಥೆಯಲ್ಲಿಯೂ ಹೆಣ್ಣಿನ ಹುಟ್ಟುಹಕ್ಕು ಅರಸನು ಅಳಿಯನಿಗಿತ್ತ ಬಹುಮಾನವಾಗಿಬಿಟ್ಟಿದೆ.

1949ರ ಮದರಾಸು ಅಳಿಯಸಂತಾನ ಕಾಯ್ದೆ ಹೆಚ್ಚು ನಿಖರವಾಗಿತ್ತು. ಒಬ್ಬ ಹೆಣ್ಣು, ಅವಳ ಮಕ್ಕಳು, ಹೆಣ್ಣಿನ ಕಡೆಯಿಂದ ಮುಂದುವರಿದ ಸಂತತಿ, ಇಷ್ಟು ಸೇರಿ ಅವಳ ‘ಕವರು’. ಗಂಡಸಿನ ಕವರು ಯಾವುದೆಂದರೆ ಅವನ ತಾಯಿಯದು. ಈ ವಿವರಣೆಯಲ್ಲಿ ಅಳಿಯನ ಸುಳಿವೇ ಇಲ್ಲ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಿಗೂ ಅನ್ವಯಿಸಿ, ಹಳೆಯ ಕಟ್ಟು ಸಡಿಲವಾಯಿತು. ಆಸ್ತಿಯ ಕ್ರಮ ಬದಲಾದರೂ ತುಳುನಾಡಿನಲ್ಲಿ ‘ಬರಿ’ ಇಂದಿಗೂ ತಾಯಿಯಿಂದಲೇ ಬರುತ್ತದೆ. ಆದುದರಿಂದ ನಿಘಂಟುಗಳೂ ಪಠ್ಯಗಳೂ ಅಳಿಯಸಂತಾನವನ್ನು ‘ಸೋದರಳಿಯನಿಗೆ ಆಸ್ತಿ ಹೋಗುವ ಪದ್ಧತಿ’ ಎಂದಷ್ಟಕ್ಕೇ ನಿಲ್ಲಿಸಬಾರದು. ‘ತಾಯಿಯಿಂದ ಮಗಳಿಗೆ ಸಾಗುವ ಕುಲಕ್ರಮ’ ಎಂಬುದು ಮೊದಲ ಅರ್ಥವಾಗಬೇಕು. ಅಳಿಯನ ಮಾತು ಅದರ ತರುವಾಯ.