ಗುಂಗುರು ಕೂದಲು ಕೊಳಕಲ್ಲ, ಸ್ವಾಮಿ!

ಕುಂದಲಹಳ್ಳಿ ಗೇಟಿನ ಸುತ್ತಮುತ್ತ ಪಿ.ಜಿ.ಗಳಿಗೇನೂ ಬರವಿಲ್ಲ. 2023ರಲ್ಲಿ ಮೆಟ್ರೋ ಬಂದ ಮೇಲಂತೂ ಕೇಳುವುದೇ ಬೇಡ. ಬ್ಯೂಟಿ ಪಾರ್ಲರುಗಳೂ ಬೀದಿಗೆ ನಾಲ್ಕು. ಆದರೆ ಯಲ್ಲಾಪುರ, ಹಳಿಯಾಳದ ಕಡೆಯಿಂದ ದುಡಿಯಲು ಬಂದ ಸಿದ್ದಿ ಹುಡುಗಿ ಆ ಕುರ್ಚಿಯಲ್ಲಿ ಕೂತರೆ ಸಿಗುವ ಸಲಹೆ ಹೆಚ್ಚಾಗಿ ಒಂದೇ: ‘ಸ್ಟ್ರೈಟನಿಂಗ್ ಮಾಡಿಸಿಬಿಡಮ್ಮ, ನೀಟಾಗಿ ಕಾಣುತ್ತೆ.’ ಆಫ್ರಿಕಾದಿಂದ ಓದಲು ಬಂದವಳಿಗೂ ಇದೇ ಮಾತು. ಪಿ.ಜಿ.ಯಲ್ಲಿ, ಕೆಲಸದ ಜಾಗದಲ್ಲಿ ‘ತಲೆ ಬಾಚಲ್ವಾ?’ ಅನ್ನೋರಿಗೂ ಕೊರತೆಯಿಲ್ಲ.

ಸಿದ್ದಿಗಳೇನು ನಿನ್ನೆ ಮೊನ್ನೆ ಬಂದವರೇ? ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತಂದವರ ಪೈಕಿ ತಪ್ಪಿಸಿಕೊಂಡವರು ಉತ್ತರ ಕನ್ನಡದ ಕಾಡು ಸೇರಿ ತಲೆಮಾರುಗಳೇ ಕಳೆದವು. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೂ ಬಂದರು. ವಿಧಾನಸೌಧದ ಬಾಗಿಲು ತೆರೆಯಿತು, ಪಾರ್ಲರಿನವರ ಕಣ್ಣು ಮಾತ್ರ ಇನ್ನೂ ತೆರೆದಿಲ್ಲ!

ಈ ಕೂದಲಿನ ಗುಣವೇ ಬೇರೆ. ನೆತ್ತಿಯಲ್ಲಿ ಹುಟ್ಟುವ ಜಿಡ್ಡು ನೇರ ಕೂದಲಲ್ಲಿ ತುದಿವರೆಗೆ ಸಲೀಸಾಗಿ ಇಳಿಯುತ್ತದೆ. ಸುರುಳಿ ಕೂದಲಲ್ಲಿ ಇಳಿಯುವುದಿಲ್ಲ. ಅದಕ್ಕೇ ತುದಿ ಒಣಗಿ ಪಟಪಟನೆ ಮುರಿಯುತ್ತದೆ. ಅದು ಕೊಳೆಯೂ ಅಲ್ಲ, ಸೋಮಾರಿತನವೂ ಅಲ್ಲ. ಇದರ ಮೇಲೆ ನಮ್ಮ ಕಡೆಯ ಬೋರ್‌ವೆಲ್, ಟ್ಯಾಂಕರಿನ ಗಡಸು ನೀರು ಬೇರೆ. ಸೋಪು ಹಾಕಿದರೆ ಬಿಳಿ ಕಲ್ಮಷ ಕೂದಲಿಗೆ ಮೆತ್ತಿಕೊಳ್ಳುತ್ತದೆ.

ಆರೈಕೆಗೆ ಪಾರ್ಲರೇ ಬೇಕೆಂದಿಲ್ಲ, ಮನೆಯಲ್ಲೇ ಕಲಿಯಬಹುದು. ದಿನಾ ಶಾಂಪೂ ಬೇಡ. ವಾರಕ್ಕೊಮ್ಮೆ ಸಾಕು, ಅದೂ ಹೆಚ್ಚಾಗಿ ನೆತ್ತಿಗೆ. ಸೀಗೆಪುಡಿ ಹಾಗೇ ಹಚ್ಚಿದರೆ ಸುರುಳಿಯೊಳಗೆ ಕೂರುತ್ತದೆ, ನೆನೆಸಿ ಸೋಸಿದ ನೀರು ವಾಸಿ. ಒಣಗಿದ ತಲೆಗೆ ಬಾಚಣಿಗೆ ಹಾಕಲೇಬಾರದು. ಒದ್ದೆ ಇರುವಾಗ ಕಂಡೀಷನರನ್ನೋ, ದಾಸವಾಳದ ಎಲೆ ಕಿವುಚಿದ ಲೋಳೆಯನ್ನೋ ಹಚ್ಚಿ, ನಾಲ್ಕು ಪಾಲು ಮಾಡಿ, ಮೊದಲು ಬೆರಳಿನಿಂದ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಬೇಕು. ಬುಡದಿಂದ ಎಳೆಯುವುದಲ್ಲ, ತುದಿಯಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಟವೆಲಿನಲ್ಲಿ ಉಜ್ಜದೆ ಹಳೇ ಹತ್ತಿ ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ತೇವ ಇರುವಾಗಲೇ ತುದಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಸವರಿದರೆ ಒಳಗಿನ ತೇವ ನಿಲ್ಲುತ್ತದೆ. ರಾತ್ರಿ ನುಣುಪು ಬಟ್ಟೆ ಸುತ್ತಿ ಮಲಗಿದರೆ ದಿಂಬಿಗೆ ಉಜ್ಜುವುದಿಲ್ಲ. ಜಡೆ ಹಾಕಬಹುದು, ಆದರೆ ಬಿಗಿ ಬೇಡ. ವರ್ಷಗಟ್ಟಲೆ ಬಿಗಿದು ಕಟ್ಟಿದರೆ ಹಣೆಯ ಅಂಚಿನ ಕೂದಲು ಉದುರಿ ಮತ್ತೆ ಬರುವುದೇ ಕಷ್ಟ. ಎಣ್ಣೆ ಹಚ್ಚಿ ಎರಡು ಜಡೆ ಬಿಗಿಯಲೇಬೇಕು ಅನ್ನುವ ಶಾಲೆಯವರು ಇದನ್ನು ಗಮನಿಸಬೇಕು.

ಇನ್ನು ಸ್ಟ್ರೈಟನಿಂಗ್ ಸಂಗತಿ. ಕೂದಲು ನೇರ ಮಾಡುವ ಕೆಲವು ಮದ್ದುಗಳು ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಹೊಗೆ ಬಿಡುತ್ತವೆ. ಇಂಥ ಮದ್ದು ಪದೇ ಪದೇ ಬಳಸಿದವರಲ್ಲಿ ಗರ್ಭಕೋಶದ ಕ್ಯಾನ್ಸರ್ ಹೆಚ್ಚು ಕಂಡಿತೆಂದು 2022ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಯ ಅಧ್ಯಯನ ಹೇಳಿತು. ಅದೇ ಕಾರಣವೆಂದು ಸಾಬೀತಾಗಿಲ್ಲ, ಸರಿ. ಆದರೆ ಯಾರದೋ ಕಣ್ಣಿಗೆ ನೀಟಾಗಿ ಕಾಣಲು ಹುಡುಗಿ ಸಂಬಳವನ್ನೂ ಕೊಟ್ಟು ಈ ಅಪಾಯವನ್ನೂ ಯಾಕೆ ಹೊರಬೇಕು? ಅದೇ ಅಮೆರಿಕದ ಕ್ಯಾಲಿಫೋರ್ನಿಯಾ 2019ರಲ್ಲೇ ಕೂದಲಿನ ನೆಪದಲ್ಲಿ ಕೆಲಸದಲ್ಲಿ, ಶಾಲೆಯಲ್ಲಿ ಭೇದ ಮಾಡಬಾರದೆಂದು ಕಾನೂನು ತಂದಿತು.

ಇಲ್ಲಿ ಕಾನೂನು ಬರುವವರೆಗೆ ಕಾಯುವುದೇಕೆ? ಪಾರ್ಲರಿನವರು ಈ ಕೂದಲಿಗೆ ಕೈ ಹಾಕುವುದನ್ನು ಕಲಿಯಲಿ, ಅವರಿಗೂ ಗಿರಾಕಿ ಸಿಕ್ಕಂತಾಯಿತು. ಹಾಸ್ಟೆಲ್ ವಾರ್ಡನ್‌ಗಳು, ಸೂಪರ್‌ವೈಸರ್‌ಗಳು ಬಾಯಿಗೆ ಸ್ವಲ್ಪ ಬೀಗ ಹಾಕಲಿ. ದೂರದೂರಿನಿಂದ ಬಂದ ಹುಡುಗಿಗೆ ಭಾನುವಾರ ಎರಡು ತಾಸು ಬಿಡುವು, ಎರಡು ಬಕೆಟ್ ಒಳ್ಳೆ ನೀರು ಸಿಕ್ಕರೆ ತನ್ನ ತಲೆಯನ್ನು ತಾನೇ ನೋಡಿಕೊಳ್ಳುತ್ತಾಳೆ. ತಿದ್ದಬೇಕಾದ್ದು ಅವಳ ಕೂದಲನ್ನಲ್ಲ, ನೋಡುವವರ ದೃಷ್ಟಿಯನ್ನು.